ಗ್ವಾಡಿಯಕ್ಕನಿಗೆ ನೆಗಡಿ

ಎರಡನೆಯ ರೊಟ್ಟಿ ಬಡಿದು ಇನ್ನೇನು ಹಂಚಿನ ಮೇಲೆ ಹಾಕಬೇಕು, ಅಷ್ಟರಲ್ಲಿ ಮುಕ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ತಲೆ ಇನ್ನೂ ಬಾಚಿರಲಿಲ್ಲ. ನಿದ್ದೆಯ ಗೆರೆ ಕೆನ್ನೆಯ ಮೇಲೆ ಹಾಗೇ ಇತ್ತು. ಬಿಗಿಹಿಡಿದ ಮುಷ್ಟಿಯನ್ನು ತಾಯಿಯ ಮುಂದೆ ಚಾಚಿ ನಿಧಾನವಾಗಿ ಬಿಚ್ಚಿದಳು. ಅಂಗೈಯಲ್ಲಿ ಒಂದು ಜೋಳದ ಕಾಳು. ಅವಳು ಕಾಳನ್ನು ನೋಡಿದಳು, ತಾಯಿಯನ್ನು ನೋಡಿದಳು. ತುಟಿ ತುಸುವೇ ಬಿರಿಯಿತು, ಗಂಟಲ ಕೆಳಗಿನ ಗುಳಿ ಒಮ್ಮೆ ಮಿಡಿಯಿತು.

ನೀಲಾಂಬಿಕೆಯ ಹಿಟ್ಟಿನ ಕೈ ಗಾಳಿಯಲ್ಲೇ ನಿಂತಿತು. ಬಂತು, ಈಗ ಬಂತು ಅಂದುಕೊಂಡು ಅವಳು ಮಗಳ ಬಾಯನ್ನೇ ನೋಡಿದಳು.

"ಅದು ಬಿಳಿಜೋಳದ ಕಾಳು, ಮುಕ್ತಾ," ಎಂದಿತು ಗೋಡೆ. "ಹೊಸದಾಗಿ ಕೊಯ್ದದ್ದು, ಆದ್ದರಿಂದ ಇನ್ನೂ ಮಲಗಿದೆ. ಮಣ್ಣಿಗೆ ಹಾಕಿದರೂ ಈಗಲೇ ಮೊಳೆಯುವುದಿಲ್ಲ."

ಧ್ವನಿ ಮೃದುವಾಗಿತ್ತು, ತಿಳಿನೀರಿನಂತೆ. ಮುಕ್ತಾ ತಲೆಯಾಡಿಸಿದಳು, ಮುಷ್ಟಿ ಮುಚ್ಚಿದಳು, ಹೊರಟುಹೋದಳು. ಹಂಚಿಗೆ ಹಾಕದೆ ಉಳಿದ ರೊಟ್ಟಿ ಅಂಚಿನಲ್ಲಿ ಒಣಗಿ ಸೀಳುಬಿಟ್ಟಿತು.

ಆ ಕಾಲದಲ್ಲಿ ಗ್ವಾಡಿಯಕ್ಕ ಇಲ್ಲದ ಮನೆ ಧಾರವಾಡದಲ್ಲಿ ಇರಲಿಲ್ಲ. ಕಂಪನಿಯವರು ಇಟ್ಟ ದೊಡ್ಡ ಹೆಸರು ಏನೋ ಇತ್ತು. ಅದು ಜನರ ನಾಲಿಗೆಗೆ ಒಗ್ಗದೆ, ಗೋಡೆಯಲ್ಲಿ ಕೂತು ಮಾತಾಡುವವಳು ಗ್ವಾಡಿಯಕ್ಕ ಆದಳು. ಪ್ರತಿ ಕೋಣೆಯ ಗೋಡೆಗೂ ಒಂದು ಬಿಲ್ಲೆ, ಗಾತ್ರದಲ್ಲಿ ಹೋಳಿಗೆಯಷ್ಟು. ಅದರೊಳಗಿಂದ ಕಣ್ಣಿಗೆ ಕಾಣದ ಅಲೆಗಳು ಹೊರಟು ಮನುಷ್ಯರ ಗಂಟಲನ್ನು ಮುಟ್ಟಿ ಹಿಂದಿರುಗುತ್ತಿದ್ದವು. ಮಾತು ಹೊರಬೀಳುವ ಮೊದಲು ಗಂಟಲಿನ ಸಣ್ಣ ಸ್ನಾಯುಗಳು ಅದನ್ನು ಒಳಗೊಳಗೇ ಆಡಿ ನೋಡುತ್ತವೆ, ಹಾಡುವವರು ಶ್ರುತಿ ಹಿಡಿದು ನೋಡುವ ಹಾಗೆ. ಗ್ವಾಡಿಯಕ್ಕ ಹಿಡಿಯುತ್ತಿದ್ದುದು ಆ ನಡುಕವನ್ನೇ. ಪ್ರಶ್ನೆ ತುಟಿ ತಲುಪುವುದರೊಳಗೆ ಉತ್ತರ ಕಿವಿ ತಲುಪಿರುತ್ತಿತ್ತು.

ದೊಡ್ಡವರಿಗೆ ಇದು ಸುಖವಾಯಿತು. ಉಪ್ಪು ಹಾಕಿದೆನೋ ಇಲ್ಲವೋ ಅಂದುಕೊಳ್ಳುವಷ್ಟರಲ್ಲಿ "ಹಾಕಿದ್ದೀರಿ" ಅಂದರೆ ಯಾರಿಗೆ ಬೇಡ? ಆದರೆ ಆ ಬಿಲ್ಲೆಯ ಕೆಳಗೇ ಕಣ್ಣು ತೆರೆದ ಮಕ್ಕಳು ಬೇರೆ ಥರ ಬೆಳೆದವು. ಅವು ಆಡುತ್ತಿದ್ದವು, ಹಾಡುತ್ತಿದ್ದವು, ಹಸಿವು ಎನ್ನುತ್ತಿದ್ದವು, ಜಗಳವಾಡುತ್ತಿದ್ದವು. ಪ್ರಶ್ನೆ ಕೇಳುವುದು ಮಾತ್ರ ಇರಲಿಲ್ಲ. ಏನು, ಯಾಕೆ, ಹೇಗೆ ಎನ್ನುವ ಮಾತುಗಳು ಆ ಮಕ್ಕಳ ಬಾಯಿಂದ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಅದರಲ್ಲಿ ಕೊರತೆಯಿದೆ ಎಂದು ಯಾರಿಗೂ ಅನ್ನಿಸಿರಲೂ ಇಲ್ಲ.

ನೀಲಾಂಬಿಕೆಗೆ ಅನ್ನಿಸಿತ್ತು. ಮುಕ್ತಾಳಿಗೆ ಆಗ ಏಳನೆಯ ವರ್ಷ. ತನ್ನ ಮಗಳ ಧ್ವನಿಯಲ್ಲಿ ಒಂದೇ ಒಂದು ಪ್ರಶ್ನೆ ಕೇಳಬೇಕೆಂದು ಅವಳಿಗೆ ಹುಚ್ಚು ಆಸೆ. ಇದನ್ನು ಯಾರೊಡನೆಯೂ ಹೇಳಿಕೊಳ್ಳುವಂತಿರಲಿಲ್ಲ. ಕಾಲು ನೆಟ್ಟಗಿರುವ ಮಗುವಿಗೆ ಕುಂಟಲು ಕಲಿಸುತ್ತೇನೆ ಅಂದಂತೆ ಆಗುತ್ತಿತ್ತು. ಅಂದು ಬೆಳಿಗ್ಗೆ ಗೋಡೆ ಕೊಟ್ಟ ಉತ್ತರ ಸರಿಯೇ ಇತ್ತು. ಆದರೆ ಮಗು ಕೇಳಲು ಹೊರಟದ್ದು ಅದೇ ಹೌದೋ ಅಲ್ಲವೋ, ಅದು ಇನ್ನು ಮಗುವಿಗೂ ಗೊತ್ತಾಗುವಂತಿರಲಿಲ್ಲ.

*

ನೀಲಾಂಬಿಕೆಗೆ ಊರ ಹೊರಗಿನ ಬೀಜ ಸಂಶೋಧನಾ ಕೇಂದ್ರದಲ್ಲಿ ಕೆಲಸ. ಅವಳ ವಿಷಯ ಬೀಜದ ನಿದ್ದೆ. ಹೊಸ ಜೋಳದ ಕಾಳಿಗೆ ನೀರು ಕೊಡಿ, ಬೆಚ್ಚಗೆ ಇಡಿ, ಅದು ಏಳುವುದಿಲ್ಲ. ತನ್ನ ಹೊತ್ತು ಬಂದಾಗ ಮಾತ್ರ ಕಣ್ಣು ಬಿಡುತ್ತದೆ. ತೆನೆಯ ಮೇಲೆಯೇ ಮಳೆ ಬಿದ್ದು ಮೊಳೆತುಹೋಗದಂತೆ ಕಾಳಿಗೆ ಭೂಮಿತಾಯಿ ಹೇಳಿಕೊಟ್ಟ ಜಾಣತನ ಅದು.

ತೇವದ ಹತ್ತಿಬಟ್ಟೆ ಹಾಸಿದ ತಟ್ಟೆಗಳಲ್ಲಿ ಕಾಳುಗಳನ್ನು ಸಾಲಾಗಿ ಮಲಗಿಸಿ, ದಿನಾ ಬೆಳಿಗ್ಗೆ ಗಾಜಿನ ಮುಚ್ಚಳ ಸರಿಸಿ ನೋಡುವುದು ಅವಳಿಗೆ ತೊಟ್ಟಿಲ ಬಟ್ಟೆ ಸರಿಸಿ ನೋಡಿದ ಹಾಗೆ. ಈಚೆಗೆ ಒಂದು ವಿಚಿತ್ರ ಕಂಡಿದ್ದಳು. ಒಂದು ತಟ್ಟೆಯಲ್ಲಿ ಏಳುವ ಕಾಳುಗಳು ಎಲ್ಲೆಂದರಲ್ಲಿ ಏಳದೆ ಗುಂಪುಗುಂಪಾಗಿ ಏಳುತ್ತಿದ್ದವು. ಒಂದು ಎದ್ದರೆ ಅದರ ಪಕ್ಕದ್ದು, ಅದರ ಪಕ್ಕದ್ದು. ಓಣಿಯಲ್ಲಿ ಒಂದು ಮನೆಯ ದೀಪ ಹತ್ತಿದ ಮೇಲೆ ಉಳಿದ ಮನೆಗಳಲ್ಲೂ ಹತ್ತುವ ಹಾಗೆ.

ಅವಳು ಹುಬ್ಬು ಗಂಟಿಕ್ಕುವುದೇ ತಡ, ಪ್ರಯೋಗಾಲಯದ ಬಿಲ್ಲೆ ಹೇಳಿತು: "ಅದು ಆಕಸ್ಮಿಕ. ಆ ಕಾಳುಗಳನ್ನು ಲೆಕ್ಕದಿಂದ ತೆಗೆದಿದ್ದೇನೆ."

ಹೌದು, ಆಕಸ್ಮಿಕವೇ ಇರಬಹುದು. ಆದರೆ ಅವಳು ಇನ್ನೂ ಏನನ್ನೂ ಅಂದುಕೊಂಡಿರಲಿಲ್ಲ. ಒಂದು ಕಾಳಿನೊಳಗೆ ನೀರು ಹೇಗೆ ಇಳಿಯುತ್ತದೆ, ನೂರಾರು ಕಾಳು ಒತ್ತಿ ಕೂತಾಗ ಒಂದರ ಉಸಿರು ಇನ್ನೊಂದಕ್ಕೆ ಹೇಗೆ ತಾಗುತ್ತದೆ, ಇದನ್ನು ಮೊದಲಿಂದ ಕೊನೆಯವರೆಗೆ ತಾನೇ ಲೆಕ್ಕ ಹಾಕಿಸಿ ನೋಡಬೇಕು. ಅದಕ್ಕೆ ಉತ್ತರ ಮೊದಲೇ ಗೊತ್ತಿಲ್ಲದ ಯಂತ್ರ ಬೇಕು. ಹೇಳಿದಷ್ಟು ಮಾಡುವ, ಹೇಳದಿದ್ದರೆ ಸುಮ್ಮನಿರುವ ಹಳೆಯ ಕಾಲದ ಮೇಜಿನ ಕಂಪ್ಯೂಟರು.

ಕೇಂದ್ರದ ಮುಖ್ಯಸ್ಥರಾದ ಹಿರೇಗೌಡರು ಇದನ್ನು ಕೇಳಿ ಕನ್ನಡಕ ತೆಗೆದು ಒರೆಸಿದರು.

"ಅಲ್ರೀ ನೀಲಾಂಬಿಕಾ, ಗಿರಣಿ ಬಾಗಲಾಗ ನಿಂತು ಬೀಸೋಕಲ್ಲು ಬೇಡಾಕತ್ತೀರಲ್ಲ!"

"ಬೀಸೋಕಲ್ಲಿನ ಮುಂದ ಕುಂತ್ರ ಕಾಳು ಹಿಟ್ಟಾಗೂದು ಕಣ್ಣಿಗೆ ಕಾಣ್ತೈತ್ರಿ ಸರ್."

"ತೋಳೂ ಬೀಳ್ತಾವ," ಎಂದು ನಕ್ಕರು. "ಹೋಗ್ಲಿ ಬಿಡ್ರಿ. ವರ್ಷದ ಕೊನಿಗೆ ಚಿಲ್ಲರೆ ಅನುದಾನ ಒಂದೀಟು ಉಳದೈತಿ. ಅದರಾಗ ಏನು ಬರ್ತೈತೋ ಅಷ್ಟ. ಆದ್ರ ಇಲ್ಲಿ ಇಡಾಕ ಜಾಗಾ ಇಲ್ಲ. ಮನ್ಯಾಗ ಇಟ್ಕೋರಿ, ಮಂದಿ ನಗಬಾರದು."

*

ಹುಬ್ಬಳ್ಳಿಯ ಹಳೆ ಪೇಟೆಯ ಒಂದು ಸಂದಿಯಲ್ಲಿ ಖೈರುಬಿಯ ಅಂಗಡಿ. ಕಚೇರಿಗಳು ಎಸೆದ ಹಳೆ ಕಂಪ್ಯೂಟರುಗಳನ್ನು ಬಿಚ್ಚಿ, ಒರೆಸಿ, ಭಾಗ ಭಾಗವಾಗಿ ಮಾರುತ್ತಿದ್ದಳು. ಕೊಳ್ಳುವವರು ಹೆಚ್ಚಾಗಿ ಮದುವೆ ಮಂಟಪದವರು. ಬಣ್ಣದ ದೀಪ ಹತ್ತುವ ಗ್ರಾಫಿಕ್ಸ್ ಕಾರ್ಡು, ಗರಗರ ತಿರುಗುವ ಫ್ಯಾನು ಅವರಿಗೆ ಬೇಕು. ಕಂಪ್ಯೂಟರು ಮಾಡಲಿಕ್ಕೆ ಕಂಪ್ಯೂಟರು ಕೇಳಿದ ಗಿರಾಕಿಯನ್ನು ಅವಳು ಬಹಳ ವರ್ಷದಿಂದ ಕಂಡಿರಲಿಲ್ಲ.

"ಲೆಕ್ಕಾ ಮಾಡಾಕ? ಖರೇನ?" ಎಂದು ಎರಡೆರಡು ಸಲ ಕೇಳಿದಳು. ಕೇಳಿದಳು! ನೀಲಾಂಬಿಕೆಗೆ ಆ ಧ್ವನಿಯ ಏರು ಕಿವಿಗೆ ಹಬ್ಬವಾಯಿತು. ಜೊತೆಗೆ ಬಂದಿದ್ದ ಮುಕ್ತಾ ಕೂಡ ತಲೆ ಎತ್ತಿ ಖೈರುಬಿಯ ಬಾಯನ್ನೇ ನೋಡಿದಳು.

ಅಂಗಡಿಯ ಗೋಡೆಯಲ್ಲೂ ಬಿಲ್ಲೆಯಿತ್ತು. ಅದು, "ನಿಮಗೆ... ನಿಮಗೆ ಬೇ... ಬೆಲ್ಲ..." ಎಂದು ತಡವರಿಸಿ ಸುಮ್ಮನಾಯಿತು.

"ಇಲ್ಲಿಗೆ ಬಂದ್ರ ಇಕಿಗೆ ಬರೇ ನೆಗಡಿ ನೋಡ್ರಿ," ಎಂದಳು ಖೈರುಬಿ. "ಕಂಪನಿಯವ್ರು ಮೂರು ಸಲ ಬದ್ಲಿ ಮಾಡಿ ಹೋದ್ರು. ನಾನೂ ಬಿಟ್ಟೇನಿ. ಹೇಳ್ರಿ, ಪ್ರೊಸೆಸರ್ ಯಾವುದು ಕೊಡ್ಲಿ?"

ಅವಳು ಎರಡನ್ನು ಮುಂದಿಟ್ಟಳು. ಒಂದು ಬಹಳ ಚುರುಕು, ಆದರೆ ಒಳಗೆ ದುಡಿಯುವ ಕೈ, ಅಂದರೆ ಕೋರ್, ನಾಲ್ಕೇ. ಇನ್ನೊಂದು ಸ್ವಲ್ಪ ನಿಧಾನ, ಆದರೆ ಕೈ ಹದಿನಾರು. ನೀಲಾಂಬಿಕೆ ಎರಡನ್ನೂ ಅಂಗೈಯಲ್ಲಿಟ್ಟು ಮದುವೆಮನೆಯನ್ನು ನೆನೆದಳು. ಒಂದೇ ಹೋಳಿಗೆಯನ್ನು ಬೇಗ ಮುಗಿಸಬೇಕಾದರೆ ಚುರುಕು ಕೈ ಬೇಕು. ನೂರಾರು ರೊಟ್ಟಿ ಒಟ್ಟಿಗೆ ಆಗಬೇಕಾದರೆ ಓಣಿಯ ಹೆಂಗಸರೆಲ್ಲ ಬಂದು ಕೂರಬೇಕು. ಅವಳ ಕಾಳುಗಳು ನೂರಾರು.

"ಹದಿನಾರರದ್ದು."

"ಶಾಣ್ಯಾ ಅದೀರಿ. ಮತ್ತ ಮೆಮೊರಿ? ಒಂದು ಥರದ್ದು ತನ್ನ ತಪ್ಪು ತಾನ ತಿದ್ದಿಕೊಳ್ತೈತಿ, ತುಟ್ಟಿ. ಇನ್ನೊಂದು ಸಾದಾ."

ಮೆಮೊರಿ ಎಂದರೆ ಅಡುಗೆಕಟ್ಟೆ. ಕಟ್ಟೆ ಸಣ್ಣದಾದರೆ ಎಷ್ಟು ಕೈ ಇದ್ದರೂ ಪಾತ್ರೆ ಇಡಲು ಜಾಗ ಸಾಲದು. ತಪ್ಪು ತಿದ್ದುವ ಮೆಮೊರಿ ಕೊಂಡರೆ ಇದ್ದ ದುಡ್ಡಿಗೆ ಅಂಗೈಯಗಲದ ಕಟ್ಟೆಯಷ್ಟೇ ಬರುತ್ತಿತ್ತು. ಆಕಾಶದಿಂದ ಇಳಿವ ಕಣವೊಂದು ತಾಗಿದರೆ ಸಾದಾ ಮೆಮೊರಿಯಲ್ಲಿ ಸೊನ್ನೆ ಒಂದಾಗಿಬಿಡಬಹುದು. ಎಲ್ಲೋ ಒಂದು ನಕ್ಷತ್ರ ಸತ್ತು, ಅದರ ಧೂಳು ತನ್ನ ಜೋಳದ ಲೆಕ್ಕ ಕೆಡಿಸುವುದು ಅವಳಿಗೆ ಭಯಕ್ಕಿಂತ ಸೋಜಿಗವಾಗಿ ಕಂಡಿತು. "ಸಾದಾ ಕೊಡ್ರಿ, ಹೆಚ್ಚು ಕೊಡ್ರಿ. ಪ್ರತಿ ಲೆಕ್ಕಾನ ಎರಡು ಸಲ ಮಾಡಿಸಿ ತಾಳೆ ನೋಡ್ತೇನಿ. ನನಗೇನು ಅವಸರ."

"ಗ್ರಾಫಿಕ್ಸ್ ಕಾರ್ಡು ಬ್ಯಾಡೇನ್ರಿ? ನೋಡ್ರಿ ಹೆಂಗ ನವಿಲಿನಂಗ ಬಣ್ಣಾ ಬಿಡ್ತೈತಿ. ಕೂಸಿಗೆ ಖುಷಿ ಆಕ್ಕೈತಿ."

"ನಮ್ಮ ಮನ್ಯಾಗ ಮದುವಿ ಇಲ್ರಿ ಖೈರುಬಿ."

"ಆಗ್ತೈತಲ್ರಿ ಮುಂದ, ಈಕಿ ಮದುವಿ," ಎಂದು ಮುಕ್ತಾಳ ಗಲ್ಲ ಹಿಂಡಿದಳು. ಮುಕ್ತಾ ತಾಯಿಯ ಸೆರಗಿನ ಹಿಂದೆ ಸೇರಿದಳು.

ಮದರ್‌ಬೋರ್ಡು, ಸಣ್ಣದೊಂದು ಡಿಸ್ಕು, ತಗಡಿನ ಪೆಟ್ಟಿಗೆ, ತಂಪಿಗೆ ಒಂದು ಫ್ಯಾನು. ಕೊನೆಗೆ ಉಳಿದದ್ದು ಎಲ್ಲಕ್ಕೂ ಕರೆಂಟು ಹಂಚುವ ಡಬ್ಬಿ, ಎಸ್‌ಎಂಪಿಎಸ್. ಅಲ್ಲಿಗೆ ಬರುವಷ್ಟರಲ್ಲಿ ಅನುದಾನ ತಳ ಕಂಡಿತ್ತು. ಭಾರದ, ಒಳ್ಳೆಯ ಡಬ್ಬಿಗೆ ಸಾಲಲಿಲ್ಲ. ಎಲ್ಲಿ ಉಳಿಸಿದರೂ ಅದರಲ್ಲಿ ಉಳಿಸಬಾರದು, ಒಲೆ ಸರಿಯಿಲ್ಲದಿದ್ದರೆ ಅಡುಗೆಯೇ ಕೆಡುತ್ತದೆ ಎಂದು ಬಲ್ಲವರು ಹೇಳುತ್ತಿದ್ದ ಮಾತು. ನೀಲಾಂಬಿಕೆ ಗೊತ್ತಿದ್ದೂ ಹಗುರದ ಡಬ್ಬಿಯನ್ನೇ ತೆಗೆದುಕೊಂಡಳು. ಖೈರುಬಿ ಹಚ್ಚಿ ತೋರಿಸಿದಾಗ ಅದು ಸಣ್ಣಗೆ ಗುಂಯ್‌ಗುಟ್ಟಿತು. ಗೋಡೆಯ ಬಿಲ್ಲೆ ಮತ್ತೆ "ಬೆಲ್ಲ" ಎಂದಿತು.

*

ಕಂಪ್ಯೂಟರನ್ನು ಜೋಡಿಸಿದ್ದು ಪಡಸಾಲೆಯಲ್ಲಿ, ಭಾನುವಾರ. ನೀಲಾಂಬಿಕೆಯ ಗಂಡ ಶಿವಪುತ್ರ ಸ್ಕ್ರೂ ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದ. ಅವನಿಗೆ ಹುಬ್ಬಳ್ಳಿಯ ರೈಲು ನಿಯಂತ್ರಣ ಕೊಠಡಿಯಲ್ಲಿ ಕೆಲಸ. ಅಲ್ಲಿನ ಗೋಡೆ ಯಾವ ಗಾಡಿ ಎಲ್ಲಿ ನಿಲ್ಲಬೇಕೆಂದು ಮೊದಲೇ ಹೇಳುತ್ತಿತ್ತು, ಇವನು "ಹೌದು" ಎನ್ನುತ್ತಿದ್ದ. ಎಂಟು ತಾಸು ಹೌದು ಎಂದು ಬರುವವನಿಗೆ ಮನೆಯಲ್ಲಿ ಸ್ಕ್ರೂ ಹಿಡಿಯುವುದು ದೊಡ್ಡ ಸಾಹಸವಾಗಿತ್ತು. ಅತ್ತೆ ಬಸಲಿಂಗವ್ವ ಪೆಟ್ಟಿಗೆಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದಳು.

ಗುಂಡಿ ಒತ್ತಿದಾಗ ಫ್ಯಾನು ತಿರುಗಿತು. ಕಪ್ಪು ಪರದೆಯ ಮೇಲೆ ಒಂದು ಸಣ್ಣ ಬಿಳಿ ಗೆರೆ ಮಿಣುಕ್ ಮಿಣುಕ್ ಎಂದಿತು. ಎಲ್ಲರೂ ಕೈಕಟ್ಟಿ ಕೂತರು. ಗೆರೆ ಮಿಣುಕುತ್ತಲೇ ಇತ್ತು. ಊದುಬತ್ತಿ ಮುಗಿಯಿತು.

"ವಿಚಾರ ಮಾಡಾಕತ್ತೈತಿ," ಎಂದ ಶಿವಪುತ್ರ ಭಕ್ತಿಯಿಂದ.

"ವಯಸ್ಸಾಗೇತಲ್ಲ ಪಾಪ, ನಿಧಾನ," ಎಂದಳು ಬಸಲಿಂಗವ್ವ.

ಮುಕ್ಕಾಲು ಮುಂಜಾನೆ ಹಾಗೇ ಕಳೆದ ಮೇಲೆ ನೀಲಾಂಬಿಕೆಗೆ ಸಂಗತಿ ಹೊಳೆಯಿತು, ಬಿದ್ದು ಬಿದ್ದು ನಕ್ಕಳು. ಯಂತ್ರ ವಿಚಾರ ಮಾಡುತ್ತಿರಲಿಲ್ಲ. ಇವರು ಏನಾದರೂ ಹೇಳಲಿ ಎಂದು ಕಾಯುತ್ತಿತ್ತು. ಕಾಯುವ ಯಂತ್ರವನ್ನು ಆ ಮನೆಯವರು ಮರೆತೇಬಿಟ್ಟಿದ್ದರು.

ಅವಳು ಲೆಕ್ಕವನ್ನು ಕೊಟ್ಟಳು. ಯಂತ್ರ ಕೆಲಸಕ್ಕೆ ತೊಡಗಿತು. ಹಗುರದ ಡಬ್ಬಿ ಗುಂಯ್ ಎಂದಿತು. ಅದೇ ಗಳಿಗೆಗೆ ಗ್ವಾಡಿಯಕ್ಕನಿಗೆ ನೆಗಡಿ ಹತ್ತಿತು.

ಬಸಲಿಂಗವ್ವ ಹಾಲಿಟ್ಟು ಬಂದಿದ್ದಳು. ಉಕ್ಕುವ ಮೊದಲು ಎಂದೂ ತಪ್ಪದ ಎಚ್ಚರಿಕೆ ಅಂದು ಬರಲಿಲ್ಲ. ಹಾಲು ಒಲೆಯ ಮೇಲೆಲ್ಲ ಹರಿದ ಮೇಲೆ ಗೋಡೆ, "ಇಂದು... ಅಮ... ಅಮಾವಾಸ್ಯೆ ಅಲ್ಲ," ಎಂದಿತು.

"ಅಯ್ಯ ನನ್ನವ್ವ, ನಿನ್ನ ಯಾರು ಕೇಳಿದ್ರು ಅಮಾಸಿ?" ಎಂದು ಬಸಲಿಂಗವ್ವ ಸೌಟು ಹಿಡಿದೇ ಗೋಡೆಗೆ ಎದುರಾದಳು.

ಸಂಜೆಯೊಳಗೆ ನೀಲಾಂಬಿಕೆಗೆ ಕಾರಣ ಸಿಕ್ಕಿತು. ಅಗ್ಗದ ಡಬ್ಬಿ ಕರೆಂಟನ್ನು ಕತ್ತರಿಸಿ ಹಂಚುವಾಗ ಸುತ್ತಲಿನ ಗಾಳಿಗೆ ಕೇಳದ ಗದ್ದಲವನ್ನು ಚೆಲ್ಲುತ್ತಿತ್ತು. ಸಂತೆಯ ನಡುವೆ ಪಿಸುಮಾತು ಕೇಳಿಸದ ಹಾಗೆ, ಆ ಗದ್ದಲದಲ್ಲಿ ಗಂಟಲಿನ ನಡುಕ ಗ್ವಾಡಿಯಕ್ಕನಿಗೆ ತಿಳಿಯುತ್ತಿರಲಿಲ್ಲ. ಲೆಕ್ಕ ನಡೆಯುವವರೆಗೂ ಮನೆಯೆಲ್ಲ ಹೀಗೆಯೇ. ಲೆಕ್ಕವೋ, ವಾರಗಟ್ಟಲೆ ನಡೆಯುವಂಥದ್ದು.

ಅವಳು ಮಗಳ ಕಡೆ ತಿರುಗಿ ನೋಡಿದಳು. ಬೇಕೆಂದೇ ಮಾಡಿದ್ದರೂ ಇಷ್ಟು ಚೆಂದ ಆಗುತ್ತಿರಲಿಲ್ಲ. ಈಗ ಮಗಳು ಕೇಳುತ್ತಾಳೆ. ಇವತ್ತಲ್ಲದಿದ್ದರೆ ನಾಳೆ.

*

ಮೊದಲು ಕೇಳಲು ಕಲಿತವರು ದೊಡ್ಡವರು. "ನನ್ನ ಇನ್ನೊಂದು ಕಾಲ್ಚೀಲಾ ಎಲ್ಲೈತಿ?" ಎಂದು ಶಿವಪುತ್ರ ಕೂಗಿದಾಗ ತನ್ನ ಧ್ವನಿಗೆ ತಾನೇ ಬೆಚ್ಚಿದ. ಬಸಲಿಂಗವ್ವ ಕಾಂಪೌಂಡಿನ ಆಚೆ ಮನೆಯವಳನ್ನು ತಿಥಿ ಕೇಳಲು ಹೋಗಿ ಒಂದು ತಾಸು ಮಾತಾಡಿ ಬಂದಳು. ತಿಥಿ ಕೇಳುವುದು ಮರೆತೇಹೋಗಿತ್ತು. ಬಹಳ ವರ್ಷಗಳ ಮೇಲೆ ಆ ಮನೆಯಲ್ಲಿ ಮಾತಿನ ಕೊನೆ ಮೇಲೆದ್ದು, ಇನ್ನೊಬ್ಬರ ಕಡೆ ತಿರುಗಿ ನಿಲ್ಲುತ್ತಿತ್ತು.

ಮುಕ್ತಾ ಮಾತ್ರ ಕೇಳಲಿಲ್ಲ.

ಅವಳು ಬಿಲ್ಲೆಯ ಕೆಳಗೆ ಹೋಗಿ ನಿಲ್ಲುತ್ತಿದ್ದಳು, ಮುಖ ಮೇಲೆತ್ತಿ, ತುಟಿ ಬಿರಿದು. ಉತ್ತರ ಬರುತ್ತಿರಲಿಲ್ಲ, ಬಂದರೂ ಬೆಲ್ಲವೋ ಅಮಾವಾಸ್ಯೆಯೋ. ಕಾದು ಕಾದು ಗಂಟಲಿನ ಗುಳಿಯ ಮೇಲೆ ಕೈಯಿಟ್ಟುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು. ಊಟ ಬಿಟ್ಟಳು. ಆಟ ಬಿಟ್ಟಳು. ಯಾಕೆಂದು ಕೇಳಿದರೆ, "ಇಲ್ಲಿ ಗಂಟಾಗೇತಿ," ಎಂದು ಗಂಟಲು ತೋರಿಸುತ್ತಿದ್ದಳು.

ಬಸಲಿಂಗವ್ವ ಉಪ್ಪುನೀರು ಮುಕ್ಕಳಿಸಲು ಕೊಟ್ಟಳು. ಅರಿಸಿನದ ಹಾಲು ಕುಡಿಸಿದಳು. ದೃಷ್ಟಿ ತೆಗೆದಳು. ಶಿವಪುತ್ರ ಮಗಳನ್ನು ಹೆಗಲ ಮೇಲೆ ಹೊತ್ತು ಡಾಕ್ಟರ ಬಳಿ ಹೋದ. ಡಾಕ್ಟರು ದೀಪ ಹಿಡಿದು ನೋಡಿ, ಗಂಟಲು ಹೂವಿನಂತಿದೆ, ಯಾವುದಕ್ಕೂ ಇರಲಿ ಎಂದು ಸಿಹಿ ಔಷಧ ಬರೆದುಕೊಟ್ಟರು. ನೀಲಾಂಬಿಕೆಯೂ ಕೊರಳಿಗೆ ಬಿಸಿ ಬಟ್ಟೆ ಸುತ್ತಿ, ತೊಡೆಯ ಮೇಲೆ ಮಲಗಿಸಿಕೊಂಡು, ಬೆನ್ನು ಸವರಿದಳು. ಮಗು ಕಣ್ಣು ಬಿಟ್ಟುಕೊಂಡೇ ಮಲಗಿರುತ್ತಿತ್ತು, ಕಂಪ್ಯೂಟರಿನ ಹಸಿರು ದೀಪ ನೋಡುತ್ತಾ.

ನನ್ನ ಆಸೆಗೆ ಮಗುವನ್ನು ಬಲಿಕೊಟ್ಟೆನೇ ಎಂದು ನೀಲಾಂಬಿಕೆ ನೊಂದಳು. ಹೊತ್ತಿಗೆ ಮೊದಲು ಕಾಳನ್ನು ಒಡೆದು ನೋಡಿದರೆ ಮೊಳಕೆಯೂ ಇಲ್ಲ, ಕಾಳೂ ಇಲ್ಲ ಎಂಬುದು ಬೇರೆ ಯಾರಿಗೆ ಗೊತ್ತಿಲ್ಲದಿದ್ದರೂ ತನಗೆ ಗೊತ್ತಿರಬೇಕಿತ್ತು.

ಆ ನಡುವೆ ಲೆಕ್ಕವೂ ಕೈಕೊಟ್ಟಿತು. ಮೊದಲನೆಯ ಸಲ ಮಾಡಿದ್ದಕ್ಕೂ ಎರಡನೆಯ ಸಲ ಮಾಡಿದ್ದಕ್ಕೂ ತಾಳೆಯಾಗಲಿಲ್ಲ. ಒಮ್ಮೆ ಕಾಳುಗಳು ಗುಂಪಾಗಿ ಎದ್ದವು, ಒಮ್ಮೆ ಚದುರಿ ಎದ್ದವು. ನಕ್ಷತ್ರದ ಧೂಳು ಇಷ್ಟೊಂದು ಸಲ ಬೀಳಲಾರದು. ಕರೆಂಟು ಹದ ತಪ್ಪಿ ಏರಿಳಿದು ಸೊನ್ನೆ ಒಂದುಗಳನ್ನು ಕಲಕುತ್ತಿತ್ತು. ಒಲೆ ಸರಿಯಿರಲಿಲ್ಲ, ಅಡುಗೆ ಕೆಟ್ಟಿತ್ತು.

ಗ್ವಾಡಿಯಕ್ಕನ ನೆಗಡಿ ಕಂಪನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಮಧ್ಯಾಹ್ನ ಚೀಲ ಹೊತ್ತ ಹುಡುಗಿಯೊಬ್ಬಳು ಬಂದಳು. ಕಂಪ್ಯೂಟರನ್ನು ನೋಡಿ ಬೆರಗಾಗಿ, "ನಮ್ಮಜ್ಜನ ಹತ್ರ ಇಂಥಾದ್ದಿತ್ರಿ," ಎಂದಳು. ಚೀಲದಿಂದ ಭಾರದ, ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ತೆಗೆದಿಟ್ಟಳು. "ಕಂಪನಿಯವರು ಪುಕ್ಕಟೆ ಕೊಟ್ಟಾರ. ಇದನ್ನ ಹಾಕ್ರಿ, ನಿಮ್ಮ ಗ್ವಾಡಿ ನೆಟ್ಟಗಾಗ್ತೈತಿ. ನಾನು ಹಾಕಿಕೊಡ್ಲೇನು?"

"ಬ್ಯಾಡವ್ವ. ನಾನ ಹಾಕ್ತೇನಿ."

ಹುಡುಗಿ ಹೋದಳು. ನೀಲಾಂಬಿಕೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಅದು ಎಳೆಗೂಸಿನಷ್ಟು ಭಾರವಾಗಿತ್ತು. ಅಂಗಡಿಯಲ್ಲಿ ಎಲ್ಲ ಭಾಗಗಳನ್ನೂ ಎಷ್ಟು ಸಲೀಸಾಗಿ ಆರಿಸಿದ್ದಳು! ಇದೊಂದನ್ನು ಹಾಕಿದರೆ ಲೆಕ್ಕ ಸರಿಹೋಗುತ್ತದೆ, ಕಾಳುಗಳ ಗುಟ್ಟು ತಿಳಿಯಬಹುದು, ಮಗು ಉಣ್ಣುತ್ತದೆ, ನಗುತ್ತದೆ, ಇನ್ನೆಂದೂ ಕೇಳುವುದಿಲ್ಲ. ಹಾಕದಿದ್ದರೆ ಆ ಗಂಟಲಿನ ಗಂಟು ಎಲ್ಲಿಗೆ ಮುಟ್ಟುತ್ತದೆಯೋ. ಕಾಯುವುದು ಗೊತ್ತಿದ್ದ ಹೆಂಗಸಿಗೆ, ಎಷ್ಟು ಕಾಯಬೇಕು ಎನ್ನುವುದು ಮಾತ್ರ ಗೊತ್ತಿರಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮುಕ್ತಾ ಎದ್ದು ಬಂದು ತಾಯಿಯ ಮೊಣಕಾಲಿಗೆ ಆತು ಕೂತಳು. ಕೊರಳಲ್ಲಿ ಬಿಸಿ ಬಟ್ಟೆ ಇನ್ನೂ ಇತ್ತು. ಎಷ್ಟು ಸಣ್ಣಗಾಗಿದ್ದಾಳೆ ಎಂದು ನೀಲಾಂಬಿಕೆಗೆ ಆಗ ಕಂಡಿತು. ಕಂಡ ಮೇಲೆ ಆರಿಸುವುದೇನೂ ಉಳಿಯಲಿಲ್ಲ.

"ಆತು ಬಂಗಾರಿ. ಸರಿ ಮಾಡ್ತೇನಿ."

ಅವಳು ಕಂಪ್ಯೂಟರನ್ನು ಬಂದ್ ಮಾಡಿದಳು. ಫ್ಯಾನು ಸುತ್ತು ಕಡಿಮೆ ಮಾಡುತ್ತಾ ಬಂದು ನಿಂತಿತು. ಗುಂಯ್‌ಗುಡುವುದು ನಿಂತಾಗ, ಇಷ್ಟು ದಿನ ಆ ಸದ್ದು ಇತ್ತೆಂಬುದೇ ಹೊಸದಾಗಿ ತಿಳಿದಂತಾಯಿತು. ಮನೆ ತಿಳಿಯಾಯಿತು, ಮಳೆ ನಿಂತ ಹೊಂಡದ ನೀರಿನ ಹಾಗೆ. ಹಿತ್ತಲ ಕಡೆಯಿಂದ ಬಸಲಿಂಗವ್ವ ಬಟ್ಟೆ ಕುಕ್ಕುವುದು ಕೇಳಿತು.

ಪೆಟ್ಟಿಗೆಯ ಮುಚ್ಚಳ ತೆಗೆದು ಸ್ಕ್ರೂ ಬಿಚ್ಚುತ್ತಾ ನೀಲಾಂಬಿಕೆ ಮಗಳಿಗೆಂದೋ ತನಗೆಂದೋ ಮಾತಾಡಿದಳು. "ಇಷ್ಟ ದಿವಸ ಮಾಡಿದ್ದೆಲ್ಲಾ ಹೊಳ್ಳಿ ಮೊದಲಿಂದ ಮಾಡಬೇಕು ನೋಡು. ಕಾಳು ಒಂದರ ಮಗ್ಗಲಾಗ ಒಂದು ಯಾಕ ಏಳ್ತಾವೋ ನನಗ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಗೊತ್ತಿಲ್ಲದ ಹಂಗ ಕುಂತೇನಿ, ಒಳಗ ಹೆಂಗ ಹೆಂಗೋ ಆಕ್ಕೈತಿ."

ಮುಕ್ತಾ ಮೊಣಕಾಲಿನಿಂದ ತಲೆ ಎತ್ತಿದಳು. ತಾಯಿಯನ್ನು ಎಂದೂ ನೋಡದವಳಂತೆ ನೋಡಿದಳು. ತುಟಿ ತುಸುವೇ ಬಿರಿಯಿತು.

"ನಿಮ್ಮ ತಾಯಿ ಬದಲಾಯಿಸುತ್ತಿರುವುದು ಎಸ್‌ಎಂಪಿಎಸ್, ಮುಕ್ತಾ," ಎಂದಿತು ಗೋಡೆ. ನೆಗಡಿಯ ಸುಳಿವಿಲ್ಲ, ಅದೇ ತಿಳಿನೀರು. "ಅದು ವಿದ್ಯುತ್ತನ್ನು ಎಲ್ಲ ಭಾಗಗಳಿಗೂ..."

"ಅದಲ್ಲ," ಎಂದಳು ಮುಕ್ತಾ.

ಗೋಡೆ ಮಾತು ಬದಲಿಸಿತು. ಮತ್ತೆ ಮೆಲ್ಲಗೆ, "ಜೋಳದ ಕಾಳುಗಳು ಗುಂಪಾಗಿ ಏಳುವುದು ಆಕಸ್ಮಿಕ..."

"ಅದೂ ಅಲ್ಲ. ನಾ ಮಾತಾಡೂದು ನಿನ್ನ ಕೂಡ ಅಲ್ಲ. ಅವ್ವನ ಕೂಡ."

ನೀಲಾಂಬಿಕೆಯ ಕೈಯಿಂದ ಸ್ಕ್ರೂ ಜಾರಿ ನೆಲಕ್ಕೆ ಬಿದ್ದು ಎಲ್ಲಿಗೋ ಉರುಳಿತು. ಅವಳು ಹುಡುಕಲಿಲ್ಲ. ಮಗಳು ಕೊರಳಿನ ಬಟ್ಟೆಯನ್ನು ಬಿಚ್ಚಿ ಪಕ್ಕಕ್ಕಿಟ್ಟಳು. ಮಾತು ಒಳಗೆಲ್ಲೋ ಎಡವಿತು, ಮತ್ತೆ ಎದ್ದಿತು. ಅವಳು ಚಿಕ್ಕ ಕೈ ಚಾಚಿ ತಾಯಿಯ ಗಂಟಲಿನ ಗುಳಿಯ ಮೇಲೆ, ಮಿಡಿಯುವಲ್ಲೇ, ಬೆರಳಿಟ್ಟಳು.

"ಅವ್ವಾ, ಗೊತ್ತಿಲ್ಲಂದ್ರ... ನಿನಗೂ ಇಲ್ಲಿ ಗಂಟಾಗ್ತೈತೇನು?"